ಆ ಪ್ರತಿ ಎಲ್ಲಿ ಉಳಿಯಿತು?

ಜೂನ್ ಬಂತೆಂದರೆ ದಾವಣಗೆರೆಯ ಜೆರಾಕ್ಸ್ ಅಂಗಡಿಗಳಿಗೆ ಬಿಡುವಿರುವುದಿಲ್ಲ. ವಿದ್ಯಾನಗರ, ಪಿ.ಜೆ. ಬಡಾವಣೆ, ಹದಡಿ ರಸ್ತೆ, ಎಲ್ಲೆಲ್ಲಿ ಕಾಲೇಜು ಹಾಸ್ಟೆಲುಗಳಿವೆಯೋ ಅಲ್ಲೆಲ್ಲ ಪ್ರವೇಶದ ಅರ್ಜಿ, ವಿದ್ಯಾರ್ಥಿವೇತನದ ಅರ್ಜಿ, ಜಾತಿ-ಆದಾಯ ಪ್ರಮಾಣಪತ್ರ ಹಿಡಿದವರ ಸಾಲು. ಚಿತ್ರದುರ್ಗದ ಬಿ.ಡಿ. ರಸ್ತೆಯಲ್ಲೂ ಇದೇ ನೋಟ. ಕೌಂಟರಿನ ಗಾಜಿಗೆ ಅಂಟಿಸಿದ ಚೀಟಿಯಲ್ಲಿ ಒಂದು ವಾಟ್ಸಾಪ್ ನಂಬರ್. "ಅಣ್ಣಾ, ಆಧಾರ್ ಕಳಿಸೀನಿ, ಎರಡು ಪ್ರಿಂಟ್ ತೆಗಿ" ಅಂದರೆ ಮುಗಿಯಿತು. ಕಾಗದ ಕೈಗೆ ಬರುತ್ತದೆ, ಚಿಲ್ಲರೆ ಕೊಟ್ಟು ಹೊರಡುತ್ತಾರೆ.

ಅದೇ ಸಾಲಿನಲ್ಲಿ ನಿಂತವರನ್ನು ಮಾತಿಗೆಳೆದರೆ, ಫೋನು ನಮ್ಮ ಮಾತು ಕದ್ದು ಕೇಳುತ್ತದೆ ಎಂದು ಅರ್ಧ ಜನ ಆಣೆ ಮಾಡಿ ಹೇಳುತ್ತಾರೆ. ಉಳಿದವರು "ನಮ್ಮತ್ರ ಕದಿಯಾಕೆ ಏನೈತೆ ಬಿಡ್ರಿ" ಎನ್ನುತ್ತಾರೆ. ಅನುಮಾನಕ್ಕೆ ನಮ್ಮಲ್ಲಿ ಕೊರತೆಯಿಲ್ಲ. ಯಾವುದನ್ನು ಅನುಮಾನಿಸಬೇಕು ಎಂಬಲ್ಲಿ ಎಡವುತ್ತೇವೆ. ಯಾರು ಒಳಗೆ ನುಗ್ಗಬಹುದು ಎಂದು ಯೋಚಿಸುವುದಕ್ಕಿಂತ, ನಾವೇ ಕೈಯಾರೆ ಕೊಟ್ಟದ್ದರ ಪ್ರತಿ ಎಲ್ಲಿ ಉಳಿಯಿತು, ಅದು ಅಲ್ಲಿ ಉಳಿದರೆ ಯಾರಿಗೆ ಪ್ರಯೋಜನ ಎಂದು ಕೇಳಿಕೊಳ್ಳುವುದು ಹೆಚ್ಚು ಉಪಯೋಗಕ್ಕೆ ಬರುತ್ತದೆ. ಜೆರಾಕ್ಸ್ ಅಂಗಡಿಗೂ ಅಮೆರಿಕದ ಕಂಪನಿಗೂ ಒಂದೇ ಪ್ರಶ್ನೆ ಸಾಕು.

ಮೊದಲು ಅಂಗಡಿಯನ್ನೇ ನೋಡೋಣ. ವಾಟ್ಸಾಪಿನಲ್ಲಿ ಕಳಿಸಿದ ಆಧಾರ್ ಪಿಡಿಎಫ್ ಎಲ್ಲೆಲ್ಲಿ ಉಳಿಯುತ್ತದೆ? ಒಂದು, ನಿಮ್ಮದೇ ಫೋನಿನ ವಾಟ್ಸಾಪ್ ಡಾಕ್ಯುಮೆಂಟ್ಸ್ ಫೋಲ್ಡರಿನೊಳಗೆ. ಎರಡು, ಅಂಗಡಿಯವರ ಫೋನಿನ ಚಾಟಿನಲ್ಲಿ. ಮೂರು, ಪ್ರಿಂಟ್ ತೆಗೆಯುವ ಕಂಪ್ಯೂಟರಿನ ಡೌನ್‌ಲೋಡ್ಸ್ ಫೋಲ್ಡರಿನಲ್ಲಿ. ವಾಟ್ಸಾಪ್ ವೆಬ್‌ನಿಂದ ಕಡತ ತೆರೆಯಬೇಕಾದರೆ ಅದು ಅಲ್ಲಿಗೆ ಇಳಿಯಲೇಬೇಕು. ನಾಲ್ಕು, ಅಂಗಡಿಯವರು ಗೂಗಲ್ ಡ್ರೈವ್ ಬ್ಯಾಕಪ್ ಇಟ್ಟುಕೊಂಡಿದ್ದರೆ ಅಲ್ಲಿ. ಪಿಡಿಎಫ್ ಬದಲು ಫೋಟೊ ಕಳಿಸಿದ್ದರೆ ಅವರ ಗ್ಯಾಲರಿಗೂ, ಅಲ್ಲಿಂದ ಗೂಗಲ್ ಫೋಟೋಸ್‌ಗೂ ಹೋಗಬಹುದು. ದೊಡ್ಡ ಡಿಜಿಟಲ್ ಕಾಪಿಯರುಗಳಲ್ಲಿ ಹಲವಕ್ಕೆ ಒಳಗೇ ಹಾರ್ಡ್ ಡಿಸ್ಕ್ ಇರುತ್ತದೆ. ಸ್ಕ್ಯಾನ್ ಮಾಡಿದ ಚಿತ್ರ ಅದರಲ್ಲಿ ಉಳಿಯುವುದುಂಟು. ಇದನ್ನು ಅತಿಯಾದ ಭಯ ಎಂದುಕೊಳ್ಳಬೇಡಿ. ಅಮೆರಿಕದ ಒಂದು ಆರೋಗ್ಯ ವಿಮಾ ಸಂಸ್ಥೆ ಬಾಡಿಗೆಯ ಕಾಪಿಯರುಗಳನ್ನು ಡಿಸ್ಕ್ ಅಳಿಸದೆ ಹಿಂದಿರುಗಿಸಿದ ತಪ್ಪಿಗೆ 2013ರಲ್ಲಿ 12 ಲಕ್ಷ ಡಾಲರಿಗೂ ಹೆಚ್ಚು ದಂಡ ಕಟ್ಟಬೇಕಾಯಿತು.

ಅಂಗಡಿಯವರು ಕೆಟ್ಟವರು ಎಂದು ಇದರ ಅರ್ಥವಲ್ಲ. ಸಾಲಿನಲ್ಲಿ ಇಪ್ಪತ್ತು ಜನ ನಿಂತಿರುವಾಗ ಒಬ್ಬೊಬ್ಬರ ಕಡತ ಹುಡುಕಿ ಅಳಿಸುವ ಪುರುಸೊತ್ತು ಯಾರಿಗಿರುತ್ತದೆ? ಹಾಗಾಗಿ ಡೌನ್‌ಲೋಡ್ಸ್ ಫೋಲ್ಡರಿನಲ್ಲಿ ವರ್ಷಗಳ ಆಧಾರ್, ಪಾನ್, ಅಂಕಪಟ್ಟಿ, ಬ್ಯಾಂಕ್ ಪಾಸ್‌ಬುಕ್ಕಿನ ಮೊದಲ ಪುಟಗಳು ಬಿದ್ದಿರುತ್ತವೆ. ಆ ಕಂಪ್ಯೂಟರಿಗೆ ದಿನಕ್ಕೆ ನೂರು ಪೆನ್‌ಡ್ರೈವ್ ಚುಚ್ಚುತ್ತಾರೆ. ಒಂದರಲ್ಲಿ ವೈರಸ್ ಇದ್ದರೆ ಇಡೀ ಫೋಲ್ಡರ್ ಬೇರೆಯವರ ಪಾಲು.

"ನನ್ನ ಪಿಡಿಎಫ್‌ಗೆ ಪಾಸ್‌ವರ್ಡ್ ಇದೆಯಲ್ಲ" ಎನ್ನುವವರಿದ್ದಾರೆ. ಇ-ಆಧಾರ್ ಪಿಡಿಎಫ್‌ನ ಪಾಸ್‌ವರ್ಡ್ ಎಂದರೆ ಹೆಸರಿನ ಮೊದಲ ನಾಲ್ಕು ಇಂಗ್ಲಿಷ್ ಅಕ್ಷರ, ಅದರ ಮುಂದೆ ಹುಟ್ಟಿದ ವರ್ಷ. ಸುರೇಶ್ ಕುಮಾರ್, 1990 ಆದರೆ ಎಸ್‌ಯುಆರ್‌ಇ1990. ಈ ಸೂತ್ರ ಎಲ್ಲರಿಗೂ ಗೊತ್ತು. ಕಡತದ ಮಾಲೀಕರ ಹೆಸರು ವಾಟ್ಸಾಪ್ ಚಾಟಿನ ಮೇಲೇ ಇರುತ್ತದೆ. ಉಳಿದದ್ದು ಹುಟ್ಟಿದ ವರ್ಷ. ಹೆಚ್ಚೆಂದರೆ ನೂರು ಸಾಧ್ಯತೆ. ಕಂಪ್ಯೂಟರಿಗೆ ಅದು ಕಣ್ಣು ಮಿಟುಕಿಸುವಷ್ಟರ ಕೆಲಸ. ಮೇಲಾಗಿ ಕೌಂಟರಿನಲ್ಲಿ ಪಾಸ್‌ವರ್ಡನ್ನು ಜೋರಾಗಿ ಹೇಳಿಯೇ ಪ್ರಿಂಟ್ ತೆಗೆಸಿರುತ್ತೇವೆ.

ಏನು ಮಾಡಬಹುದು? ಮೈಆಧಾರ್ ವೆಬ್‌ಸೈಟಿನಲ್ಲಿ ಇ-ಆಧಾರ್ ಇಳಿಸಿಕೊಳ್ಳುವಾಗ 'ಮಾಸ್ಕ್ಡ್ ಆಧಾರ್' ಎಂಬ ಚೌಕಕ್ಕೆ ಗುರುತು ಹಾಕಿ. 12 ಅಂಕಿಗಳಲ್ಲಿ ಮೊದಲ 8 ಮುಚ್ಚಿಹೋಗಿ ಕೊನೆಯ 4 ಮಾತ್ರ ಕಾಣುತ್ತವೆ. ಲಾಡ್ಜು, ಬಾಡಿಗೆ ಮನೆ, ಕಾಲೇಜಿನ ಗುರುತಿಗೆ ಅಷ್ಟು ಸಾಕು. ಕೆಲವು ಗುಮಾಸ್ತರು "ಪೂರ್ತಿ ನಂಬರ್ ಬೇಕು" ಎಂದು ಹಟ ಹಿಡಿಯುತ್ತಾರೆ. ಸರ್ಕಾರದ ಹಣ ಖಾತೆಗೆ ಬರುವ ಯೋಜನೆಗಳಲ್ಲಿ ನಿಜಕ್ಕೂ ಬೇಕಾಗುತ್ತದೆ, ಉಳಿದ ಕಡೆ ಯಾಕೆ ಎಂದು ಕೇಳುವ ಹಕ್ಕು ನಿಮಗಿದೆ. ಕಾಗದದ ಪ್ರತಿಯ ಮೇಲೆ ಅಡ್ಡಲಾಗಿ, ಅಕ್ಷರಗಳ ಮೇಲೆ ಹಾಯುವಂತೆ, ಯಾವ ಕೆಲಸಕ್ಕೆ, ಯಾರಿಗೆ, ಯಾವ ದಿನ ಎಂದು ಪೆನ್ನಿನಲ್ಲಿ ಬರೆದು ಸಹಿ ಹಾಕಿ. ಪಳಗಿದ ಕಳ್ಳನನ್ನು ಇದು ತಡೆಯುವುದಿಲ್ಲ. ಆದರೆ ಆ ಕಾಗದವನ್ನೇ ಮತ್ತೊಂದು ಸಿಮ್ಮಿಗೋ ಸಾಲಕ್ಕೋ ಬಳಸಿದರೆ ಎಲ್ಲಿಂದ ಸೋರಿತು ಎಂಬುದಕ್ಕೆ ಸಾಕ್ಷಿ ಅದರ ಮೇಲೇ ಇರುತ್ತದೆ. ಅಂಗಡಿಯ ಕಂಪ್ಯೂಟರಿನಲ್ಲಿ ನಿಮ್ಮದೇ ವಾಟ್ಸಾಪ್ ತೆರೆದಿದ್ದರೆ, ಹೊರಡುವ ಮುಂಚೆ ಫೋನಿನಲ್ಲಿ 'ಲಿಂಕ್ಡ್ ಡಿವೈಸಸ್' ತೆರೆದು ಆ ಯಂತ್ರವನ್ನು ಲಾಗೌಟ್ ಮಾಡಿ. ಮರೆತರೆ ಅದು ತಾನಾಗಿ ಕಡಿತವಾಗುವುದು ನಿಮ್ಮ ಫೋನು 14 ದಿನ ಬಳಕೆಯಾಗದೇ ಇದ್ದಾಗ ಮಾತ್ರ.

ಈ ವಿಷಯದಲ್ಲಿ ಸರ್ಕಾರದ ನಿಲುವೂ ಗಟ್ಟಿಯಾಗಿಲ್ಲ. 2022ರ ಮೇ 27ರಂದು ಆಧಾರ್ ಪ್ರಾಧಿಕಾರದ ಬೆಂಗಳೂರು ಕಚೇರಿ, ಆಧಾರ್ ಜೆರಾಕ್ಸನ್ನು ಕಂಡಕಂಡವರಿಗೆ ಕೊಡಬೇಡಿ, ಮಾಸ್ಕ್ಡ್ ಪ್ರತಿ ಕೊಡಿ, ಸೈಬರ್ ಕೆಫೆಯಲ್ಲಿ ಇಳಿಸಿಕೊಂಡರೆ ಪ್ರತಿಗಳನ್ನು ಪೂರ್ತಿ ಅಳಿಸಿ ಎಂದು ಪ್ರಕಟಣೆ ಕೊಟ್ಟಿತು. ತಪ್ಪು ಅರ್ಥ ಬರಬಹುದು ಎಂದು ಎರಡೇ ದಿನದಲ್ಲಿ ಅದನ್ನು ಹಿಂತೆಗೆದುಕೊಳ್ಳಲಾಯಿತು. ನನ್ನ ಮಟ್ಟಿಗೆ ಆ ಪ್ರಕಟಣೆಯ ಒಂದೊಂದು ಸಾಲೂ ಸರಿಯಾಗಿತ್ತು.

ಕಾಗದಕ್ಕಿಂತ ಹೆಚ್ಚು ಎಚ್ಚರ ಬೇಕಾದದ್ದು ಹೆಬ್ಬೆಟ್ಟಿನ ವಿಷಯದಲ್ಲಿ. ಜಗಳೂರು, ಮೊಳಕಾಲ್ಮೂರು ಕಡೆಯ ಹಳ್ಳಿಗಳಲ್ಲಿ ಬ್ಯಾಂಕ್ ದೂರ. ಬ್ಯಾಂಕ್ ಮಿತ್ರರ ಸಣ್ಣ ಯಂತ್ರದ ಮೇಲೆ ಬೆರಳಿಟ್ಟು ಪಿಂಚಣಿ, ಗೃಹಲಕ್ಷ್ಮಿ ಹಣ ತೆಗೆಯುತ್ತಾರೆ. ಇದಕ್ಕೆ ಬೇಕಾದದ್ದು ಮೂರೇ: ಆಧಾರ್ ನಂಬರ್, ಬ್ಯಾಂಕಿನ ಹೆಸರು, ಬೆರಳಚ್ಚು. ಒಟಿಪಿ ಇಲ್ಲ, ಪಿನ್ ಇಲ್ಲ, ಒಂದು ಸಲಕ್ಕೆ 10,000 ರೂಪಾಯಿವರೆಗೆ. ಬಡವರಿಗೆ ಇದರಿಂದ ದೊಡ್ಡ ಅನುಕೂಲವಾಗಿದೆ, ಅದನ್ನು ಅಲ್ಲಗಳೆಯಲಾಗದು. ಆದರೆ ಪಾಸ್‌ವರ್ಡ್ ಸೋರಿದರೆ ಬದಲಿಸಬಹುದು, ಬೆರಳನ್ನು ಬದಲಿಸಲಾಗದು. ಆ ಬೆರಳಿನ ಪ್ರತಿ ಎಲ್ಲೆಲ್ಲಿದೆ? ಮನೆ, ಸೈಟು, ಹೊಲ ನೋಂದಣಿ ಮಾಡಿಸಿದವರ ಕ್ರಯಪತ್ರದ ಪುಟಗಳ ಮೇಲಿದೆ. 2018ರಲ್ಲಿ ತೆಲಂಗಾಣದಲ್ಲಿ ಒಬ್ಬ ನೋಂದಣಿ ಇಲಾಖೆಯ ವೆಬ್‌ಸೈಟಿನಲ್ಲಿದ್ದ ದಸ್ತಾವೇಜುಗಳಿಂದ ಬೆರಳಚ್ಚು ಎತ್ತಿ, ಅಚ್ಚು ಮಾಡಿ, ಬೇರೆಯವರ ಹೆಸರಿನಲ್ಲಿ ಸಿಮ್ ಚಾಲೂ ಮಾಡಿ ಸಿಕ್ಕಿಬಿದ್ದ. 2023ರಲ್ಲಿ ನಮ್ಮ ರಾಜ್ಯದಲ್ಲೇ ಆಸ್ತಿ ನೋಂದಣಿ ಮಾಡಿಸಿದವರ ಖಾತೆಗಳಿಂದ ಒಟಿಪಿ ಇಲ್ಲದೆ ಹಣ ಹೋದಾಗ ಶಂಕೆ ತಿರುಗಿದ್ದೂ ಅಂಥ ದಸ್ತಾವೇಜುಗಳ ಕಡೆಗೇ.

ಇದಕ್ಕೆ ಮದ್ದು ಇದೆ, ಹಣ ಬೇಕಿಲ್ಲ: ಬಯೋಮೆಟ್ರಿಕ್ ಲಾಕ್. ಮೈಆಧಾರ್ ವೆಬ್‌ಸೈಟಿನಲ್ಲಿ ಅಥವಾ ಎಂಆಧಾರ್ ಆ್ಯಪಿನಲ್ಲಿ ಒಟಿಪಿ ಕೊಟ್ಟು ಒಳಹೋಗಿ, 'ಲಾಕ್/ಅನ್‌ಲಾಕ್ ಬಯೋಮೆಟ್ರಿಕ್ಸ್' ಒತ್ತಿದರೆ ಆಯಿತು. ಆಮೇಲೆ ಯಾರು ಎಲ್ಲಿ ನಿಮ್ಮ ಬೆರಳಚ್ಚು ಬಳಸಿದರೂ ಯಂತ್ರ 330 ಎಂಬ ದೋಷಸಂಖ್ಯೆ ತೋರಿಸಿ ನಿರಾಕರಿಸುತ್ತದೆ. ನಿಮಗೇ ಬೇಕಾದಾಗ ಸ್ವಲ್ಪ ಹೊತ್ತಿಗೆ ತೆರೆದುಕೊಳ್ಳಬಹುದು, ಅದು ಮತ್ತೆ ತಾನೇ ಮುಚ್ಚಿಕೊಳ್ಳುತ್ತದೆ.

ಕೆಲಸ ಕೆಡುವುದು ಎರಡು ಕಡೆ. ಆಧಾರ್‌ಗೆ ಜೋಡಿಸಿದ ಮೊಬೈಲ್ ನಂಬರ್ ಎಂದೋ ಬಂದ್ ಆಗಿದ್ದರೆ ಒಟಿಪಿ ಬರುವುದಿಲ್ಲ. ವಯಸ್ಸಾದವರಲ್ಲಿ ಇದು ಬಹಳ. ಮೊದಲು ಆಧಾರ್ ಕೇಂದ್ರಕ್ಕೆ ಹೋಗಿ ನಂಬರ್ ಸರಿಪಡಿಸಬೇಕು. ಇನ್ನೊಂದು, ನ್ಯಾಯಬೆಲೆ ಅಂಗಡಿ. ಲಾಕ್ ಮಾಡಿದ್ದನ್ನು ಮರೆತು ತಿಂಗಳ ಅಕ್ಕಿಗೆ ಹೋದವರ ಬೆರಳು ತಿರಸ್ಕಾರವಾದರೆ "ಸರ್ವರ್ ಇಲ್ಲ, ನಾಳೆ ಬಾ" ಎಂದು ಕಳಿಸುತ್ತಾರೆ, ಕಾರಣ ಯಾರಿಗೂ ತಿಳಿಯುವುದಿಲ್ಲ. ಪಡಿತರ ಚೀಟಿಯಲ್ಲಿರುವ ಯಾವ ಸದಸ್ಯರ ಬೆರಳಾದರೂ ನಡೆಯುತ್ತದೆ. ಆದ್ದರಿಂದ ಮನೆಯಲ್ಲಿ ಯಾರ ಖಾತೆಯಲ್ಲಿ ದುಡ್ಡಿದೆಯೋ, ಯಾರ ಹೆಸರಿಗೆ ಆಸ್ತಿ ನೋಂದಣಿ ಆಗಿದೆಯೋ ಅವರದ್ದು ಲಾಕ್ ಇರಲಿ, ಅಕ್ಕಿ ತರುವವರದ್ದು ತೆರೆದಿರಲಿ.

ಲಾಕ್ ಮಾಡಲಾಗದ ಅಜ್ಜ ಅಜ್ಜಿಯರಿಗೆ ಒಂದು ಮಾತು ಕಲಿಸಬೇಕು: ಯಂತ್ರದವನು "ಫೇಲ್ ಆಯ್ತಜ್ಜಿ, ಇನ್ನೊಂದ್ಸಲ ಬೆರಳಿಡು" ಎಂದರೆ, ಇಡುವ ಮುಂಚೆ ಚೀಟಿ ಕೇಳಬೇಕು. ಮೊದಲ ಸಲವೇ ಕಡಿತವಾದ ಹಣ ಯಂತ್ರದವನ ಜೇಬಿಗೆ ಹೋಗಿ, ಎರಡನೆಯ ಸಲದ್ದು ಮಾತ್ರ ಕೈಗೆ ಬರುವ ಮೋಸ ಇರುವುದೇ ಇಲ್ಲಿ. ಫೇಲ್ ಆದದ್ದಕ್ಕೂ ಚೀಟಿ ಬರುತ್ತದೆ. ಚೀಟಿ ಕೊಡಲು ಒಪ್ಪದಿದ್ದರೆ ಪಕ್ಕದೂರಿನ ಯಂತ್ರಕ್ಕೆ ಹೋಗುವುದೇ ಲೇಸು.

ಇನ್ನು ಫೋನು ಕದ್ದು ಕೇಳುವ ಮಾತು. ಮನೆಯಲ್ಲಿ ಸೀರೆಯ ಮಾತಾಡಿದೆವು, ಸಂಜೆಗೆ ಸೀರೆಯ ಜಾಹೀರಾತು ಬಂತು ಎಂಬ ಅನುಭವ ಸುಳ್ಳಲ್ಲ, ಅದಕ್ಕೆ ಕೊಡುವ ಕಾರಣ ತಪ್ಪು. ಅಮೆರಿಕದ ನಾರ್ತ್‌ಈಸ್ಟರ್ನ್ ವಿಶ್ವವಿದ್ಯಾಲಯದ ಸಂಶೋಧಕರು 2018ರಲ್ಲಿ 17,000ಕ್ಕೂ ಹೆಚ್ಚು ಆಂಡ್ರಾಯ್ಡ್ ಆ್ಯಪ್‌ಗಳನ್ನು ಪರೀಕ್ಷಿಸಿದರು. ಗುಟ್ಟಾಗಿ ಮೈಕ್ ಚಾಲೂ ಮಾಡಿ ಮಾತು ಕಳಿಸುವ ಒಂದು ಆ್ಯಪ್ ಕೂಡ ಸಿಗಲಿಲ್ಲ. ಬದಲಿಗೆ ಕೆಲವು ಆ್ಯಪ್‌ಗಳು ನಮ್ಮ ಪರದೆಯನ್ನೇ ಚಿತ್ರೀಕರಿಸಿ ಹೊರಗೆ ಕಳಿಸುತ್ತಿದ್ದದ್ದು ಕಂಡಿತು. ಆಂಡ್ರಾಯ್ಡ್ 12ರಿಂದ ಈಚೆಗೆ ಮೈಕ್ ಬಳಕೆಯಾದಾಗ ಪರದೆಯ ಮೇಲ್ತುದಿಯಲ್ಲಿ ಹಸಿರು ಗುರುತು ಬರುತ್ತದೆ.

ಮೈಕ್ ಬೇಕಾಗಿಯೇ ಇಲ್ಲ, ಯಾಕೆಂದರೆ ಮೊಬೈಲ್ ನಂಬರ್ ಇದೆ. ಬಟ್ಟೆ ಅಂಗಡಿಯ ಬಿಲ್ಲಿಂಗ್ ಕೌಂಟರಿನಲ್ಲಿ "ನಂಬರ್ ಹೇಳ್ರಿ" ಎಂದಾಗ ಹೇಳುತ್ತೇವೆ. ಅಂಗಡಿಗಳು ಗ್ರಾಹಕರ ನಂಬರುಗಳ ಪಟ್ಟಿಯನ್ನು ಜಾಹೀರಾತು ಕಂಪನಿಗೆ ಕೊಟ್ಟು "ಇವರಿಗೆ, ಇವರಂಥವರಿಗೆ ನಮ್ಮ ಜಾಹೀರಾತು ತೋರಿಸಿ" ಎನ್ನಬಹುದು. ಅದು ಆ ಕಂಪನಿಗಳು ಮುಚ್ಚುಮರೆಯಿಲ್ಲದೆ ಮಾರುವ ಸೇವೆ. ನೀವು ಸೀರೆ ಕೊಂಡಿರಬೇಕಿಲ್ಲ. ಅಕ್ಕ ಕೊಂಡಿದ್ದು, ಇಬ್ಬರೂ ಒಂದೇ ಮನೆಯ ವೈಫೈ ಬಳಸಿದ್ದರೆ ಸಾಕಾಗುವುದುಂಟು. ನಂಬರನ್ನು ಹ್ಯಾಶ್ ಮಾಡಿ, ಅಂದರೆ ಗುರುತು ಸಿಗದ ಅಕ್ಷರಮಾಲೆಯಾಗಿ ಬದಲಿಸಿ ಕಳಿಸುತ್ತೇವೆ, ಹಾಗಾಗಿ ಸುರಕ್ಷಿತ ಎಂದು ಕಂಪನಿಗಳು ಹೇಳುತ್ತವೆ. ಲೆಕ್ಕ ಹಾಕಿ ನೋಡಿ. ಭಾರತದ ಮೊಬೈಲ್ ನಂಬರ್ 6, 7, 8, 9ರಿಂದ ಶುರುವಾಗುವ ಹತ್ತಂಕಿ. ಒಟ್ಟು ಸಾಧ್ಯತೆ 400 ಕೋಟಿ. ಒಳ್ಳೆಯ ಗ್ರಾಫಿಕ್ಸ್ ಕಾರ್ಡ್ ಇರುವ ಒಂದು ಕಂಪ್ಯೂಟರ್ ಅಷ್ಟನ್ನೂ ಹ್ಯಾಶ್ ಮಾಡಿ ಪಟ್ಟಿ ಮಾಡಲು ನಿಮಿಷಗಳು ಸಾಕು. ಅದರಿಂದ ನಂಬರ್ ಮರೆಯಾಗಲಿಲ್ಲ, ವೇಷ ಬದಲಿಸಿತು, ಅಷ್ಟೇ. ಬಿಲ್ಲಿಗೆ ಮೊಬೈಲ್ ನಂಬರ್ ಕೊಡಲೇಬೇಕೆಂದು ಒತ್ತಾಯಿಸಬಾರದು ಎಂದು ಕೇಂದ್ರದ ಗ್ರಾಹಕ ವ್ಯವಹಾರಗಳ ಇಲಾಖೆ 2023ರ ಮೇನಲ್ಲೇ ವ್ಯಾಪಾರಿಗಳಿಗೆ ತಿಳಿಸಿದೆ. "ನಂಬರ್ ಬೇಡ, ಬಿಲ್ ಕೊಡಿ" ಎಂದು ಹೇಳಿ ನೋಡಿ, ಕೊಡುತ್ತಾರೆ.

ದೊಡ್ಡ ಕಂಪನಿಗಳನ್ನು ನಂಬಬೇಕೇ ಎಂಬ ಪ್ರಶ್ನೆಗೆ ದಾಖಲೆಗಳೇ ಉತ್ತರ ಹೇಳುತ್ತವೆ. ಖಾತೆಯ ಭದ್ರತೆಗೆಂದು, ಪಾಸ್‌ವರ್ಡಿನ ಮೇಲಿನ ಎರಡನೆಯ ಬೀಗವಾಗಿ, ಜನ ಕೊಟ್ಟ ಮೊಬೈಲ್ ನಂಬರುಗಳನ್ನು ಫೇಸ್‌ಬುಕ್ ಜಾಹೀರಾತಿಗೂ ಬಳಸಿತು. 2019ರಲ್ಲಿ ಅಮೆರಿಕದ ವ್ಯಾಪಾರ ಆಯೋಗ ಆ ಕಂಪನಿಗೆ ಹಾಕಿದ 500 ಕೋಟಿ ಡಾಲರ್ ದಂಡದ ಆರೋಪಪಟ್ಟಿಯಲ್ಲಿ ಇದೂ ಒಂದು. ಅದೇ ತಪ್ಪಿಗೆ 2022ರಲ್ಲಿ ಟ್ವಿಟರ್ 15 ಕೋಟಿ ಡಾಲರ್ ಕಟ್ಟಿತು. ಗೂಗಲ್‌ನಲ್ಲಿ 'ಲೊಕೇಶನ್ ಹಿಸ್ಟರಿ' ಆಫ್ ಮಾಡಿದವರ ಓಡಾಟ 'ವೆಬ್ ಆ್ಯಂಡ್ ಆ್ಯಪ್ ಆ್ಯಕ್ಟಿವಿಟಿ' ಎಂಬ ಇನ್ನೊಂದು ಕಡೆ ದಾಖಲಾಗುತ್ತಲೇ ಇತ್ತು ಎಂದು 2018ರಲ್ಲಿ ಬಯಲಾಯಿತು. 2022ರಲ್ಲಿ ಅಮೆರಿಕದ 40 ರಾಜ್ಯಗಳಿಗೆ 39 ಕೋಟಿ ಡಾಲರಿಗೂ ಹೆಚ್ಚು ಕೊಟ್ಟು ಗೂಗಲ್ ಆ ಮೊಕದ್ದಮೆ ಮುಗಿಸಿಕೊಂಡಿತು. ನನಗೆ ಎಲ್ಲಕ್ಕಿಂತ ಕೆಟ್ಟದೆನಿಸುವುದು ಅವಾಸ್ಟ್ ಕಥೆ. ಕಳ್ಳರಿಂದ ಕಾಯುತ್ತೇವೆಂದು ಆ್ಯಂಟಿವೈರಸ್ ಕೊಟ್ಟ ಕಂಪನಿಯೇ, ಜನ ಯಾವ್ಯಾವ ವೆಬ್‌ಸೈಟ್ ನೋಡಿದರು ಎಂಬ ಮಾಹಿತಿಯನ್ನು ತನ್ನ ಅಂಗಸಂಸ್ಥೆಯ ಮೂಲಕ ಮಾರಿತು. 2024ರಲ್ಲಿ 1.65 ಕೋಟಿ ಡಾಲರ್ ದಂಡ. ನಿಮ್ಮ ಇಂಟರ್‌ನೆಟ್ ಓಡಾಟ ಮರೆಮಾಡುತ್ತೇವೆಂದು ಮಾರುವ ವಿಪಿಎನ್ ಸೇವೆ ಕೊಳ್ಳುವವರೂ ಇದನ್ನು ನೆನಪಿಡಬೇಕು: ಯಾವ ಸೈಟಿಗೆ ಹೋದಿರಿ ಎಂಬ ದಾಖಲೆ ಇಂಟರ್‌ನೆಟ್ ಕೊಡುವವರ ಕೈಯಿಂದ ವಿಪಿಎನ್ ಮಾರುವವರ ಕೈಗೆ ಹೋಗುತ್ತದೆ, ಇಲ್ಲವಾಗುವುದಿಲ್ಲ.

ಹಾಗೆಂದು ಎರಡನೆಯ ಬೀಗವನ್ನೇ ತೆಗೆದುಹಾಕುವುದು ತಪ್ಪು. ಎಸ್‌ಎಂಎಸ್ ಬದಲು ಅಥೆಂಟಿಕೇಟರ್ ಆ್ಯಪ್ ಇಟ್ಟುಕೊಳ್ಳಿ; ಅದರ ಆರಂಕಿ ನಿಮ್ಮ ಫೋನಿನೊಳಗೇ ಹುಟ್ಟುತ್ತದೆ, ನಂಬರ್ ಕೊಡುವ ಪ್ರಮೇಯವಿಲ್ಲ. ಜೊತೆಗೆ ಸಿಗುವ ಬ್ಯಾಕಪ್ ಕೋಡುಗಳನ್ನು ಕಾಗದದ ಮೇಲೆ ಬರೆದು ಮನೆಪತ್ರದ ಜೊತೆ ಇಡಿ. ಇದನ್ನು ಬಿಟ್ಟವರು ಫೋನ್ ಕಳೆದುಕೊಂಡಾಗ ಖಾತೆಯನ್ನೂ ಕಳೆದುಕೊಳ್ಳುತ್ತಾರೆ. ಗೂಗಲ್ ಖಾತೆಯ 'ಡೇಟಾ ಆ್ಯಂಡ್ ಪ್ರೈವಸಿ' ಪುಟದಲ್ಲಿ ವೆಬ್ ಆ್ಯಂಡ್ ಆ್ಯಪ್ ಆ್ಯಕ್ಟಿವಿಟಿಯನ್ನು ನಿಲ್ಲಿಸಬಹುದು, ಇಲ್ಲವೇ 3 ತಿಂಗಳಿಗೆ ತಾನಾಗಿ ಅಳಿಯುವಂತೆ ಇಡಬಹುದು.

ವಾಟ್ಸಾಪಿನ ಬಗ್ಗೆ ನಮ್ಮ ಜನರ ಅನುಮಾನ ತಲೆಕೆಳಗಾಗಿದೆ. ಸಂದೇಶಗಳನ್ನು ಕಂಪನಿ ನಡುವೆ ಓದುತ್ತದೆ ಎಂದು ಹೆದರುತ್ತಾರೆ. 2016ರಿಂದ ಅದು ಎಂಡ್-ಟು-ಎಂಡ್ ಗೂಢಲಿಪಿಯಲ್ಲಿ, ಅಂದರೆ ಕಳಿಸಿದವರು ಪಡೆದವರು ಬಿಟ್ಟು ಬೇರೆ ಯಾರೂ ಓದಲಾಗದಂತೆ ಹೋಗುತ್ತದೆ, ಆ ವಿಧಾನ ಗಟ್ಟಿಯಾದದ್ದು. ಆದರೆ ಯಾರು ಯಾರಿಗೆ, ಎಷ್ಟು ಹೊತ್ತಿಗೆ ಸಂದೇಶ ಕಳಿಸಿದರು ಎಂಬ ವಿವರಕ್ಕೆ ಆ ರಕ್ಷಣೆಯಿಲ್ಲ. ಗೂಗಲ್ ಡ್ರೈವ್‌ನಲ್ಲಿ ಕೂರುವ ಬ್ಯಾಕಪ್‌ಗೂ, ನೀವೇ 'ಎಂಡ್-ಟು-ಎಂಡ್ ಎನ್‌ಕ್ರಿಪ್ಟೆಡ್ ಬ್ಯಾಕಪ್' ಚಾಲೂ ಮಾಡದ ಹೊರತು ಇಲ್ಲ. ಮಾಡುವಾಗ ಕೇಳುವ ಪಾಸ್‌ವರ್ಡ್ ಅಥವಾ 64 ಅಂಕಿಯ ಕೀಲಿ ಮರೆತರೆ ಹಳೆಯ ಚಾಟು ಯಾರಿಂದಲೂ ಮರಳಿ ಬಾರದು, ಬರೆದಿಟ್ಟುಕೊಳ್ಳಿ.

ವಾಟ್ಸಾಪಿನಲ್ಲಿ ನಿಜವಾದ ಅಪಾಯ ಬರುವುದು ಎಪಿಕೆ ಕಡತವಾಗಿ, ಅಂದರೆ ಒತ್ತಿದರೆ ಫೋನಿಗೆ ಆ್ಯಪ್ ಹಾಕುವ ಕಡತವಾಗಿ. ಮದುವೆಯ ಕರೆಯೋಲೆ, ಟ್ರಾಫಿಕ್ ದಂಡದ ಚಲನ್, ಪಿಎಂ ಕಿಸಾನ್ ಕಂತು ಎಂಬ ಹೆಸರಿನಲ್ಲಿ ಗುಂಪುಗಳಿಗೆ ಬರುತ್ತದೆ. ಒತ್ತಿದರೆ ಎಸ್‌ಎಂಎಸ್ ಓದುವ ಅನುಮತಿ ಕೇಳುತ್ತದೆ. ಕೊಟ್ಟ ಕ್ಷಣದಿಂದ ನಿಮಗೆ ಬರುವ ಪ್ರತಿ ಒಟಿಪಿಯೂ ಬೇರೆಲ್ಲೋ ಕೂತವನಿಗೆ ತಲುಪುತ್ತದೆ. ಸೆಟ್ಟಿಂಗ್ಸ್‌ನ ಹುಡುಕು ಪಟ್ಟಿಯಲ್ಲಿ 'ಇನ್‌ಸ್ಟಾಲ್ ಅನ್‌ನೋನ್ ಆ್ಯಪ್ಸ್' ಎಂದು ಹುಡುಕಿ, ವಾಟ್ಸಾಪ್ ಮತ್ತು ಕ್ರೋಮ್ ಎದುರಿನ ಗುಂಡಿ ಆಫ್ ಮಾಡಿ. ಈಗಾಗಲೇ ಒತ್ತಿಯಾಗಿದ್ದರೆ ಮೊದಲು ವೈಫೈ, ಡೇಟಾ ಎರಡೂ ಬಂದ್ ಮಾಡಿ, ಸಿಮ್ ತೆಗೆದು ಬೇರೆ ಫೋನಿಗೆ ಹಾಕಿ, ಅಲ್ಲಿಂದ ಬ್ಯಾಂಕಿಗೆ ಕರೆ ಮಾಡಿ. ಆ್ಯಪ್ ಅಳಿಸುವ ಕೆಲಸ ಆಮೇಲೆ.

"ನಮ್ಮತ್ರ ಏನೈತೆ" ಎನ್ನುವವರಿಗೆ ಉತ್ತರ: ನಿಮ್ಮ ಹೆಸರು ಐತೆ. ಕಳ್ಳನಿಗೆ ಬೇಕಾದದ್ದು ನಿಮ್ಮ ಹೆಸರಿನ ಸಿಮ್ಮು, ಕದ್ದ ಹಣ ಹಾಯಿಸಲು ನಿಮ್ಮ ಹೆಸರಿನ ಬಾಡಿಗೆ ಖಾತೆ, ನಿಮ್ಮ ಹೆಸರಿನ ಸಣ್ಣ ಸಾಲ. ಕೇಂದ್ರ ದೂರಸಂಪರ್ಕ ಇಲಾಖೆಯ ಸಂಚಾರ್ ಸಾಥಿ ವೆಬ್‌ಸೈಟಿನಲ್ಲಿ ಮೊಬೈಲ್ ನಂಬರ್, ಒಟಿಪಿ ಕೊಟ್ಟರೆ ನಿಮ್ಮ ಹೆಸರಿನಲ್ಲಿರುವ ಎಲ್ಲ ಸಿಮ್ಮುಗಳ ಪಟ್ಟಿ ಬರುತ್ತದೆ. ಗೊತ್ತಿಲ್ಲದ್ದಕ್ಕೆ 'ನನ್ನ ನಂಬರ್ ಅಲ್ಲ' ಎಂಬ ಅರ್ಥದ ಆಯ್ಕೆ ಒತ್ತಿ. ಇದೇ ಸಂಚಾರ್ ಸಾಥಿಯ ಆ್ಯಪನ್ನು ಹೊಸ ಫೋನುಗಳಲ್ಲಿ ಕಡ್ಡಾಯವಾಗಿ ಹಾಕಬೇಕೆಂಬ ಆದೇಶ 2025ರ ಕೊನೆಯಲ್ಲಿ ಬಂದು, ವಿರೋಧದ ನಂತರ ಕೆಲವೇ ದಿನಗಳಲ್ಲಿ ವಾಪಸಾಯಿತು. ಈ ಕೆಲಸಕ್ಕೆ ಆ್ಯಪ್ ಅಗತ್ಯವೇ ಇಲ್ಲ. ನಿಮ್ಮ ಹೆಸರಿನಲ್ಲಿ ಯಾವ್ಯಾವ ಸಾಲ ಇದೆ ಎಂದು ತೋರಿಸುವ ಸಾಲದ ವರದಿಯನ್ನು ಸಿಬಿಲ್ ಸೇರಿ ನಾಲ್ಕೂ ಸಂಸ್ಥೆಗಳು ವರ್ಷಕ್ಕೊಮ್ಮೆ ಉಚಿತವಾಗಿ ಕೊಡಬೇಕು. ಮೂರು ತಿಂಗಳಿಗೊಂದರಂತೆ ತರಿಸಿದರೆ ವರ್ಷವಿಡೀ ಕಣ್ಣಿಟ್ಟಂತಾಗುತ್ತದೆ.

ಹಣ ಹೋಗಿಯೇಬಿಟ್ಟರೆ ತಕ್ಷಣ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಿ. ಯುಪಿಐ ವ್ಯವಹಾರದ 12 ಅಂಕಿಯ ಸಂಖ್ಯೆ, ಹೋದ ಮೊತ್ತ, ಸಮಯ ಕೈಯಲ್ಲಿರಲಿ. ಹಣ ಮುಂದಿನ ಖಾತೆಯಿಂದ ಖಾಲಿಯಾಗುವ ಮುಂಚೆ ತಡೆಹಿಡಿಯುವುದೇ ಇದರ ಉದ್ದೇಶ, ಹಾಗಾಗಿ ಗಂಟೆಗಳ ಲೆಕ್ಕ. ದಾವಣಗೆರೆ, ಚಿತ್ರದುರ್ಗ ಎರಡೂ ಕಡೆ ಸೈಬರ್ ಅಪರಾಧ ನೋಡಿಕೊಳ್ಳುವ ಸಿಇಎನ್ ಪೊಲೀಸ್ ಠಾಣೆ ಇದೆ. ಬ್ಯಾಂಕಿಗೆ ಬರವಣಿಗೆಯಲ್ಲಿ ದೂರು ಕೊಟ್ಟು ಸ್ವೀಕೃತಿ ಪಡೆಯುವುದನ್ನು ಬಿಡಬೇಡಿ. ರಿಸರ್ವ್ ಬ್ಯಾಂಕಿನ 2017ರ ಜುಲೈ ಸುತ್ತೋಲೆ ಪ್ರಕಾರ, ನಿಮ್ಮ ಕಡೆಯಿಂದಲೂ ಬ್ಯಾಂಕಿನ ಕಡೆಯಿಂದಲೂ ತಪ್ಪಿಲ್ಲದೆ ಹೊರಗಿನವರ ಮೋಸದಿಂದ ಹೋದ ಹಣವನ್ನು ಬ್ಯಾಂಕಿನ ಸೂಚನೆ ಬಂದ 3 ಕೆಲಸದ ದಿನಗಳೊಳಗೆ ತಿಳಿಸಿದರೆ ನಷ್ಟ ನಿಮ್ಮದಲ್ಲ. ಬೆರಳಚ್ಚಿನಿಂದ ಹೋದ ಹಣಕ್ಕೆ ಇದನ್ನು ಎತ್ತಿ ಹೇಳಬೇಕು, ಅಲ್ಲಿ ಒಟಿಪಿ ಹಂಚಿಕೊಂಡ ಪ್ರಶ್ನೆಯೇ ಬರುವುದಿಲ್ಲ.

ಕಾನೂನು ಇಲ್ಲವೇ ಎಂದರೆ ಇದೆ. ಖಾಸಗಿತನ ಮೂಲಭೂತ ಹಕ್ಕು ಎಂದು 2017ರ ಆಗಸ್ಟ್ 24ರಂದು ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಮೂರ್ತಿಗಳ ಪೀಠ ಹೇಳಿತು. ಆ ಮೊಕದ್ದಮೆ ಹೂಡಿದವರು ನಮ್ಮ ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ. ಅದರ ನೆರಳಿನಲ್ಲಿ ಬಂದ 2023ರ ದತ್ತಾಂಶ ರಕ್ಷಣಾ ಕಾಯ್ದೆ, ಪಡೆದ ಉದ್ದೇಶ ಮುಗಿದ ಮೇಲೆ ಮಾಹಿತಿ ಅಳಿಸಬೇಕೆನ್ನುತ್ತದೆ. ದಂಡ 250 ಕೋಟಿ ರೂಪಾಯಿವರೆಗೆ. ಆದರೆ ಅದು ಡಿಜಿಟಲ್ ಮಾಹಿತಿಗೆ ಮಾತ್ರ. ಕಚೇರಿಯ ಕಪಾಟಿನಲ್ಲಿ ದಾರ ಕಟ್ಟಿಟ್ಟ ಜೆರಾಕ್ಸ್ ಕಡತ ಅದರ ವ್ಯಾಪ್ತಿಗೆ ಬರುವುದಿಲ್ಲ. ಸರ್ಕಾರದ ಅಂಗಗಳಿಗೆ ವಿನಾಯಿತಿ ಕೊಡಲು ಬೇಕಾದಷ್ಟು ದಾರಿ ಇಟ್ಟುಕೊಂಡಿದ್ದಾರೆ.

ಹಾಗಾಗಿ ನನ್ನ ನಂಬಿಕೆ ಹೆಚ್ಚಿರುವುದು ಮತ್ತೆ ಅದೇ ಜೆರಾಕ್ಸ್ ಅಂಗಡಿಯವರ ಮೇಲೆ. ಒಂದು ಸಂಜೆ ಕೂತರೆ ಆಗುವ ಕೆಲಸ ಇದು. ವಿಂಡೋಸ್ ಕಂಪ್ಯೂಟರಿನ ಸೆಟ್ಟಿಂಗ್ಸ್, ಸಿಸ್ಟಮ್, ಸ್ಟೋರೇಜ್, 'ಸ್ಟೋರೇಜ್ ಸೆನ್ಸ್' ತೆರೆದು, ಅದು ದಿನವೂ ನಡೆಯುವಂತೆ ಚಾಲೂ ಮಾಡಿ, ಡೌನ್‌ಲೋಡ್ಸ್ ಫೋಲ್ಡರಿಗೂ ರೀಸೈಕಲ್ ಬಿನ್‌ಗೂ 1 ದಿನ ಎಂದು ಇಡಬೇಕು. ಅದು ಅಳಿಸುವುದು ಒಂದು ದಿನದಿಂದ ತೆರೆಯದೇ ಇದ್ದ ಕಡತಗಳನ್ನು ಮಾತ್ರ, ಆದ್ದರಿಂದ ಗ್ರಾಹಕರ ಅರ್ಧಂಬರ್ಧ ಕೆಲಸದ ಕಡತ ಬೇರೆ ಫೋಲ್ಡರಿನಲ್ಲಿರಲಿ. ಅಂಗಡಿಯ ವಾಟ್ಸಾಪಿನ ಪ್ರೈವಸಿ ಸೆಟ್ಟಿಂಗಿನಲ್ಲಿ 'ಡೀಫಾಲ್ಟ್ ಮೆಸೇಜ್ ಟೈಮರ್' 24 ಗಂಟೆಗೆ ಇಟ್ಟರೆ ಹೊಸ ಚಾಟುಗಳು ಮರುದಿನ ತಾವೇ ಹೋಗುತ್ತವೆ. ಹಳೆಯ ಚಾಟುಗಳನ್ನು ಒಮ್ಮೆ ಕೈಯಾರೆ ಅಳಿಸಬೇಕು. ಮೀಡಿಯಾ ಆಟೋ-ಡೌನ್‌ಲೋಡ್, ಗ್ಯಾಲರಿಯಲ್ಲಿ ತೋರಿಸುವುದು, ಚಾಟ್ ಬ್ಯಾಕಪ್, ಮೂರೂ ಬಂದ್. ಕಾಪಿಯರಿಗೆ ಹಾರ್ಡ್ ಡಿಸ್ಕ್ ಇದ್ದರೆ ಸರ್ವಿಸ್‌ನವರು ಬಂದಾಗ ಡೇಟಾ ಓವರ್‌ರೈಟ್ ಆಯ್ಕೆ ಇದೆಯೇ ಎಂದು ಕೇಳಿ ಚಾಲೂ ಮಾಡಿಸಬೇಕು, ಯಂತ್ರ ಮಾರುವಾಗ ಡಿಸ್ಕ್ ತೆಗೆದಿಟ್ಟುಕೊಳ್ಳಬೇಕು. ಕೆಟ್ಟು ಬಂದ ಪ್ರಿಂಟುಗಳನ್ನು ಮಂಡಕ್ಕಿ-ಮಿರ್ಚಿ ಕಟ್ಟುವ ರದ್ದಿಗೆ ಹಾಕದೆ ಹರಿದು ಹಾಕಬೇಕು. ಇಷ್ಟು ಮಾಡಿದ ಅಂಗಡಿ, ಗಾಜಿನ ಮೇಲಿನ ವಾಟ್ಸಾಪ್ ನಂಬರಿನ ಕೆಳಗೆ "ನಿಮ್ಮ ಕಡತ ಒಂದೆರಡು ದಿನದಲ್ಲಿ ಅಳಿಸಲಾಗುತ್ತದೆ" ಎಂದು ಬರೆದುಕೊಳ್ಳಬಹುದು. ಪಕ್ಕದ ಅಂಗಡಿಯವರನ್ನು ಗಿರಾಕಿಗಳು ಆಗ ತಾವೇ ಕೇಳುತ್ತಾರೆ, ನಿಮ್ಮಲ್ಲಿ ಎಷ್ಟು ದಿನ ಇರುತ್ತದೆ ಎಂದು.